ಕಾರಣ ಹೇಳದ ನಿರಾಕರಣೆ

ನಿವೃತ್ತಿಯ ನಂತರ ನಿಡಸೋಸಿಯ ಹಳೆಯ ಮನೆಯಲ್ಲಿ ನೆಲೆಸಿರುವ ನಾನು ಈಚೆಗೆ ಒಂದು ದಿನ ಹುಕ್ಕೇರಿಯ ಮೇಲಿಂದ ಗೋಕಾಕಕ್ಕೆ ಹೋಗಿದ್ದೆ. ಕೆಲಸವೇನೂ ಇರಲಿಲ್ಲ. ಸೇವೆಯಲ್ಲಿದ್ದಾಗ ಆ ಊರಿನಿಂದ ಕರದಂಟಿನ ಡಬ್ಬಿಗಳನ್ನು ಎಷ್ಟೋ ಬಾರಿ ಹೊತ್ತಿದ್ದೇನೆ. ಎಲ್ಲವೂ ಬೀಗರಿಗೆ, ಸಹೋದ್ಯೋಗಿಗಳಿಗೆ, ಬೆಂಗಳೂರಿನ ಮೇಲಧಿಕಾರಿಗಳ ಮನೆಗಳಿಗೆ. ಈ ಸಲ ನನಗಾಗಿಯೇ, ಗೋಡಂಬಿ, ಬಾದಾಮಿ, ಅಂಟು ಧಾರಾಳವಾಗಿದ್ದ ಮೇಲ್ದರ್ಜೆಯ ಕರದಂಟನ್ನು ಎರಡು ಕಿಲೋ ಕಟ್ಟಿಸಿದೆ. ಬೆಲ್ಲದ ವಿಷಯದಲ್ಲಿ ವೈದ್ಯರು ಹೇಳಿದ್ದ ಮಾತನ್ನು ಆ ದಿನದ ಮಟ್ಟಿಗೆ ಮರೆತಿದ್ದೆ.

ಹಣ ಕೊಡಲು ಕ್ರೆಡಿಟ್ ಕಾರ್ಡು ನೀಡಿದೆ. ಗಲ್ಲೆಯಲ್ಲಿದ್ದ ಹುಡುಗ ಅದನ್ನು ಯಂತ್ರಕ್ಕೆ ತಾಗಿಸಿದ. ಯಂತ್ರ ಕೀರಲು ದನಿ ಮಾಡಿ 'ಡಿಕ್ಲೈನ್ಡ್' ಎಂದಿತು. ಎರಡನೆಯ ಸಲ, ಮೂರನೆಯ ಸಲವೂ ಅದೇ. 'ಸಾಹೇಬ್ರ, ಕಾರ್ಡ್ ನಡಿಯಾಕತ್ತಿಲ್ರಿ' ಎಂದು ಆತ ಹೇಳಿದ್ದು ಮೆಲುದನಿಯಲ್ಲಿಯೇ. ಆದರೆ ಅಂಗಡಿ ಚಿಕ್ಕದು, ಹಿಂದೆ ಮದುವೆಯ ಜವಳಿಗೆ ಬಂದಿದ್ದ ಒಂದು ದೊಡ್ಡ ಕುಟುಂಬವೇ ನಿಂತಿತ್ತು. ಜೇಬಿನಲ್ಲಿ ಬಸ್ಸಿನ ಖರ್ಚಿಗಷ್ಟೇ ಹಣ. ಫೋನಿನಲ್ಲಿ ಪಾವತಿ ಮಾಡುವ ವ್ಯವಸ್ಥೆಯನ್ನು ನಾನು ಇನ್ನೂ ಹಾಕಿಸಿಕೊಂಡಿಲ್ಲ, ಅದು ಬೇರೆಯೇ ಕತೆ. ಪ್ರತಿ ತಿಂಗಳೂ ಗಡುವಿಗೆ ಮುನ್ನವೇ ಬಿಲ್ಲು ಕಟ್ಟುವ ನಾನು, ಆ ಕ್ಷಣದಲ್ಲಿ ಸಾಲ ತೀರಿಸದವನಂತೆ ತಲೆ ತಗ್ಗಿಸಿ ನಿಲ್ಲಬೇಕಾಯಿತು.

ಅಂಗಡಿಯ ಮಾಲೀಕರು ಮುಂದೆ ಬಂದು, 'ಒಯ್ರಿ ಸಾಹೇಬ್ರ, ಇನ್ನೊಮ್ಮೆ ಬಂದಾಗ ಕೊಡೀರಂತ' ಎಂದರು. ಎಷ್ಟೋ ವರ್ಷಗಳ ಹಿಂದೆ ಈ ಭಾಗದಲ್ಲಿ ನಾನು ಕೆಲಸ ಮಾಡಿದ್ದು ಅವರ ನೆನಪಿನಲ್ಲಿತ್ತು. ಬ್ಯಾಂಕು ಕೊಡದ ಉದ್ದರಿಯನ್ನು ಅಂಗಡಿ ಕೊಟ್ಟಿತು.

ಮನೆಗೆ ಬಂದು ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಸಿಕ್ಕ ಉತ್ತರ ಇಷ್ಟೇ: ನನ್ನ ಕಾರ್ಡಿನಲ್ಲಿ 'ತಾಗಿಸಿ ಪಾವತಿಸುವ' ಸೌಲಭ್ಯವನ್ನು ಎಂದೂ ಚಾಲೂ ಮಾಡಿರಲಿಲ್ಲ. ಕಾರ್ಡನ್ನು ಯಂತ್ರದೊಳಗೆ ತೂರಿಸಿ ಪಿನ್ ಒತ್ತಿದ್ದರೆ ಹಣ ಸಂದಾಯವಾಗುತ್ತಿತ್ತು. ನನಗಾಗಲಿ ಆ ಹುಡುಗನಿಗಾಗಲಿ ಇದು ಹೊಳೆಯಲಿಲ್ಲ.

ಈ ಏರ್ಪಾಡಿನ ಮೂಲದಲ್ಲಿ ಇರುವುದು ಒಳ್ಳೆಯ ನಿಯಮವೇ. ಹೊಸ ಕಾರ್ಡುಗಳು ಮೊದಲಿಗೆ ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಯಂತ್ರಗಳಲ್ಲಿ, ತೂರಿಸಿ ಬಳಸಲು ಮಾತ್ರ ಯೋಗ್ಯವಾಗಿರಬೇಕು. ಆನ್‌ಲೈನ್, ವಿದೇಶಿ ಹಾಗೂ ತಾಗಿಸುವ ಬಳಕೆಯನ್ನು ಗ್ರಾಹಕನೇ ಬಯಸಿ ತೆರೆದುಕೊಳ್ಳಬೇಕು ಎಂದು ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ಆದೇಶಿಸಿತು. ಈ ಬಗೆಯಲ್ಲಿ ಒಮ್ಮೆಯೂ ಬಳಸದ ಹಳೆಯ ಕಾರ್ಡುಗಳಲ್ಲಿ ಆ ಸೌಲಭ್ಯಗಳನ್ನು ಮುಚ್ಚಬೇಕೆಂದೂ ಸೂಚಿಸಿತು. ವಂಚನೆ ತಡೆಯುವ ದೃಷ್ಟಿಯಿಂದ ಇದು ಸರಿಯೆಂಬುದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ನಿರಾಕರಣೆಯ ಬಗ್ಗೆ ಅಲ್ಲ, ಅದರ ಮೌನದ ಬಗ್ಗೆ.

ಯಂತ್ರಕ್ಕೆ ಕಾರಣ ಗೊತ್ತಿರುವುದಿಲ್ಲ ಎಂದು ನಾವು ತಿಳಿದಿದ್ದೇವೆ. ಹಾಗೇನಿಲ್ಲ. ಕಾರ್ಡಿನ ವ್ಯವಹಾರಗಳು ಐಎಸ್‌ಒ 8583 ಎಂಬ ಅಂತರರಾಷ್ಟ್ರೀಯ ಮಾನಕದ ಆಧಾರದ ಮೇಲೆ ನಡೆಯುತ್ತವೆ. ಪ್ರತಿ ಉತ್ತರದೊಂದಿಗೂ ಒಂದು ಸಂಕೇತ ಬರುತ್ತದೆ. 51 ಎಂದರೆ ಹಣ ಸಾಲದು, 54 ಎಂದರೆ ಅವಧಿ ಮುಗಿದ ಕಾರ್ಡು, 55 ಎಂದರೆ ತಪ್ಪು ಪಿನ್, 91 ಎಂದರೆ ಬ್ಯಾಂಕಿನ ಗಣಕವೇ ಸ್ಪಂದಿಸುತ್ತಿಲ್ಲ. ಇವುಗಳ ನಡುವೆ 05 ಎಂಬುದೊಂದಿದೆ: 'ಮಾನ್ಯ ಮಾಡಬೇಡ'. ಏಕೆ ಎಂಬುದಿಲ್ಲ. ಕಾರಣವನ್ನು ಬಿಡಿಸಿ ಹೇಳಲು ಇಷ್ಟವಿಲ್ಲದಾಗ ಬ್ಯಾಂಕುಗಳು ಮೊರೆಹೋಗುವುದು ಇದಕ್ಕೇ. ಬ್ಯಾಂಕಿನ ಗಣಕ ಕೆಟ್ಟಿದ್ದರೂ, ಗ್ರಾಹಕನ ಖಾತೆ ಬರಿದಾಗಿದ್ದರೂ, ಗಲ್ಲೆಯ ಮುಂದೆ ನಿಂತವರ ಕಣ್ಣಿಗೆ ಕಾಣುವುದು ಒಂದೇ ಪದ, ಅವಮಾನವೂ ಒಂದೇ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಕಾಣುವುದು ಇಲ್ಲಿಯ ಲಾಭನಷ್ಟದ ಓರೆತನ. ಒಪ್ಪಬಾರದ ವ್ಯವಹಾರವೊಂದನ್ನು ಬ್ಯಾಂಕು ಒಪ್ಪಿದರೆ ನಷ್ಟ ಬಹುಮಟ್ಟಿಗೆ ಬ್ಯಾಂಕಿನದು. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕನದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹೊರಗಿನವರಿಂದ ವಂಚನೆ ನಡೆದು, ಅದನ್ನು ಗ್ರಾಹಕ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ, ಅವನ ಹೊಣೆ ಶೂನ್ಯ. ಸಂತೋಷದ ಸಂಗತಿ. ಆದರೆ ಒಪ್ಪಬೇಕಾದುದನ್ನು ಬ್ಯಾಂಕು ತಳ್ಳಿಹಾಕಿದರೆ? ವ್ಯಾಪಾರ ತಪ್ಪುವುದು ಅಂಗಡಿಯವನಿಗೆ, ಮುಖಭಂಗ ಗ್ರಾಹಕನಿಗೆ. ಬ್ಯಾಂಕಿಗೆ ಆಗುವ ನಷ್ಟ ಅತ್ಯಲ್ಪ. ಒಂದು ಕಡೆಯ ತಪ್ಪಿಗೆ ದಂಡವಿದ್ದು ಇನ್ನೊಂದು ಕಡೆಯ ತಪ್ಪು ಪುಕ್ಕಟೆಯಾದರೆ, ಗಣಕ ಸಂಶಯ ಬಂದಾಗಲೆಲ್ಲ 'ಇಲ್ಲ' ಎನ್ನುವುದನ್ನೇ ಕಲಿಯುತ್ತದೆ.

2019ರ ಸೆಪ್ಟೆಂಬರ್‌ನಲ್ಲಿ ಬಂದ ಇನ್ನೊಂದು ಸುತ್ತೋಲೆಯೂ ಈ ಕೊರತೆಯನ್ನು ತುಂಬಲಿಲ್ಲ. ಖಾತೆಯಿಂದ ಹಣ ಕಡಿತವಾಗಿ ಅಂಗಡಿಗೆ ದೃಢೀಕರಣ ಬಾರದಿದ್ದರೆ ಐದು ದಿನಗಳೊಳಗೆ ಅದನ್ನು ಮರಳಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ಅದು ವಿಧಿಸಿತು. ಹಣವೇ ಕಡಿತವಾಗದ ಬರಿಯ ನಿರಾಕರಣೆ ಅದರ ವ್ಯಾಪ್ತಿಗೆ ಬರಲಿಲ್ಲ.

ಸರ್ಕಾರಿ ಕಚೇರಿಗಳನ್ನು ಹೊಗಳುವ ಇರಾದೆ ನನಗಿಲ್ಲ. ಅವುಗಳ ಒಳಗನ್ನು ನಾನು ಬಲ್ಲೆ. ಆದರೂ ಒಂದು ಶಿಸ್ತನ್ನು ನಮಗೆ ಕಲಿಸಲಾಗಿತ್ತು. ಅರ್ಜಿಯನ್ನು ತಿರಸ್ಕರಿಸುವುದಾದರೆ ಸಕಾರಣ ಆದೇಶ ಹೊರಡಿಸಬೇಕು. 'ಪರಿಶೀಲಿಸಿ ತಿರಸ್ಕರಿಸಲಾಗಿದೆ' ಎಂಬ ಒಂದು ಸಾಲಿನ ಟಿಪ್ಪಣಿಗೆ ಸಹಿ ಹಾಕಿ ಮೇಲ್ಮನವಿಯಲ್ಲಿ ಛೀಮಾರಿ ಹಾಕಿಸಿಕೊಂಡ ಅಧಿಕಾರಿಗಳು ಎಷ್ಟೋ ಮಂದಿ, ಅವರಲ್ಲಿ ನಾನೂ ಒಬ್ಬ. ಕರ್ನಾಟಕದ 2011ರ ಸಕಾಲ ಕಾಯ್ದೆಯೂ ತಿರಸ್ಕಾರಕ್ಕೆ ಲಿಖಿತ ಕಾರಣ ಕೇಳುತ್ತದೆ. ಬ್ಯಾಂಕಿಂಗ್ ಕ್ಷೇತ್ರಕ್ಕೆ ಈ ತತ್ತ್ವ ಅಪರಿಚಿತವೂ ಅಲ್ಲ. ಕಾರ್ಡಿಗಾಗಿ ಸಲ್ಲಿಸಿದ ಅರ್ಜಿಯನ್ನು ತಳ್ಳಿಹಾಕಿದರೆ ನಿರ್ದಿಷ್ಟ ಕಾರಣವನ್ನು ಬರಹದಲ್ಲಿ ತಿಳಿಸಬೇಕೆಂದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನಗಳು ಹೇಳಿದವು. ಕಾರ್ಡನ್ನೇ ಕೊಡದಿದ್ದಾಗ ಕಾರಣ ಬೇಕು. ಕೊಟ್ಟ ಕಾರ್ಡು ನಡುಬಜಾರಿನಲ್ಲಿ ನಿಂತುಹೋದಾಗ ಒಂದು ಇಂಗ್ಲಿಷ್ ಪದ ಸಾಕು. ಇದು ಯಾವ ನ್ಯಾಯ?

ಕರದಂಟಿಲ್ಲದೆ ಯಾರೂ ಸಾಯುವುದಿಲ್ಲ. ಆದರೆ 2014ರ ಜನಧನ ಯೋಜನೆಯ ನಂತರ ರುಪೇ ಕಾರ್ಡು ಬಡವರ ಕೈಗೂ ಬಂದಿದೆ. ಹಂಗಾಮಿನಲ್ಲಿ ನಮ್ಮ ಸಂಕೇಶ್ವರದ ಸುತ್ತಿನ ಹೊಲಗಳಿಗೆ ಕಬ್ಬು ಕಡಿಯಲು ಬರುವ ಕೂಲಿಯವನೊಬ್ಬ ರಾತ್ರಿ ಔಷಧ ಅಂಗಡಿಯಲ್ಲಿ ಕಾರ್ಡು ಕೊಟ್ಟು, ಅದು ನಡೆಯದೆ ಹೋದರೆ ಅವನನ್ನು 'ಸಾಹೇಬ್ರ' ಎನ್ನುವವರಿಲ್ಲ, ಉದ್ದರಿ ಕೊಡುವವರಿಲ್ಲ. ತನ್ನ ಖಾತೆಯಲ್ಲಿ ಹಣವಿಲ್ಲವೆಂದೇ ಆತ ಭಾವಿಸುತ್ತಾನೆ. ಬ್ಯಾಂಕಿನ ಗಣಕ ಹತ್ತು ನಿಮಿಷ ಮಲಗಿತ್ತೆಂದು ಅವನಿಗೆ ಹೇಳುವವರು ಯಾರು?

ಆಗಬೇಕಾದ್ದು ದೊಡ್ಡ ಸುಧಾರಣೆಯೇನಲ್ಲ. ಯುಪಿಐ ವಿಷಯದಲ್ಲಿ ರಾಷ್ಟ್ರೀಯ ಪಾವತಿ ನಿಗಮವು ವಿಫಲ ವ್ಯವಹಾರಗಳನ್ನು 'ತಾಂತ್ರಿಕ' ಮತ್ತು 'ವ್ಯಾವಹಾರಿಕ' ಎಂದು ವಿಂಗಡಿಸಿ ಬ್ಯಾಂಕುವಾರು ಅಂಕಿಅಂಶ ಪ್ರಕಟಿಸುತ್ತ ಬಂದಿದೆ. ತಪ್ಪು ಬ್ಯಾಂಕಿನ ವ್ಯವಸ್ಥೆಯದೋ ಗ್ರಾಹಕನ ಕಡೆಯದೋ ಎಂಬುದನ್ನು ಹೀಗೆ ಲೆಕ್ಕಕ್ಕಾಗಿ ಬೇರ್ಪಡಿಸಬಹುದಾದರೆ, ಕಾರ್ಡಿನ ಗ್ರಾಹಕನಿಗೂ ಅದನ್ನು ಆ ಗಳಿಗೆಯಲ್ಲಿಯೇ ತಿಳಿಸಬಹುದು. ಹಣ ಹೋದಾಗ ಮರುಕ್ಷಣವೇ ಸಂದೇಶ ಕಳಿಸುವ ಬ್ಯಾಂಕು, ವ್ಯವಹಾರ ನಿರಾಕರಿಸಿದಾಗಲೂ 'ತಾಗಿಸುವ ಸೌಲಭ್ಯ ಮುಚ್ಚಿದೆ, ಕಾರ್ಡನ್ನು ತೂರಿಸಿ' ಎಂದೋ, 'ನಮ್ಮ ವ್ಯವಸ್ಥೆ ಸ್ಥಗಿತಗೊಂಡಿದೆ, ತಪ್ಪು ನಿಮ್ಮದಲ್ಲ' ಎಂದೋ ಗ್ರಾಹಕನಿಗೆ ಮಾತ್ರ, ಅವನ ಭಾಷೆಯಲ್ಲಿ ಹೇಳಲಿ. ವಂಚಕರಿಗೆ ಸುಳಿವು ಸಿಗುತ್ತದೆಂಬ ಆಕ್ಷೇಪ ಕೆಲವು ಪ್ರಕರಣಗಳಿಗೆ ಅನ್ವಯಿಸೀತು. ಸಂದೇಶ ಹೋಗುವುದು ನೋಂದಾಯಿತ ಫೋನಿಗಾದ್ದರಿಂದ ಉಳಿದವಕ್ಕೆ ಅದು ನೆಪ.

ಇಷ್ಟನ್ನೂ ನನ್ನ ಬ್ಯಾಂಕಿಗೆ ಬರೆದಿದ್ದೇನೆ. ದೂರು ದಾಖಲಾಗಿದೆಯೆಂಬ ಸ್ವಯಂಚಾಲಿತ ಉತ್ತರ, ಇಂಗ್ಲಿಷಿನಲ್ಲಿ, ಮರುನಿಮಿಷವೇ ಬಂತು. ಒಂಬುಡ್ಸ್‌ಮನ್ ಬಳಿಗೆ ಹೋಗುವ ಮುನ್ನ ಬ್ಯಾಂಕಿಗೆ ಮೂವತ್ತು ದಿನಗಳ ಅವಕಾಶ ಕೊಡಬೇಕು. ಇಂದಿಗೆ ಹನ್ನೊಂದು ದಿನಗಳಾಗಿವೆ. ಕರದಂಟಿನ ಬಾಕಿಯನ್ನು ಮರುವಾರವೇ ನಗದಾಗಿ ಕೊಟ್ಟು ಬಂದೆ.