ಡಿಸ್ಕಿನ ಪಾಲನ್ನು ಹಿಗ್ಗಿಸುವ ಮುನ್ನ



ಈಗ ಮನೆಯ ಲೆಕ್ಕಪತ್ರಗಳೂ ಮಕ್ಕಳ ಛಾಯಾಚಿತ್ರಗಳೂ ಹಲವೊಮ್ಮೆ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಇರುತ್ತವೆ. ಆ ಡಿಸ್ಕನ್ನು ‘ಸಿ’, ‘ಡಿ’, ‘ಇ’ ಎಂದು ಪಾಲುಮಾಡಿಕೊಳ್ಳುವುದು ವಾಡಿಕೆ. ‘ಡಿ’ ತುಂಬಿ ‘ಇ’ ಬರಿದಾಗಿದ್ದರೆ, ‘ಇ’ಯನ್ನು ಕುಗ್ಗಿಸಿ ‘ಡಿ’ಯನ್ನು ಹಿಗ್ಗಿಸೋಣವೆಂದು ಗೃಹಸ್ಥನಿಗೆ ತೋರುವುದು ಸಹಜ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬ ಸಾಧನದಲ್ಲಿ ಇವೆರಡಕ್ಕೂ ಅವಕಾಶವುಂಟು. ಆದರೆ ಅಲ್ಲಿ ಒಂದು ಗಂಡಾಂತರವೂ ಉಂಟು.

‘ಇ’ಯನ್ನು ಕುಗ್ಗಿಸಿದಾಗ ಬಿಡುವಾಗುವ ಸ್ಥಳವು ಅದರ ಕೊನೆಯಲ್ಲಿರುತ್ತದೆ, ‘ಡಿ’ಗೆ ತಾಗಿಕೊಂಡಿರುವುದಿಲ್ಲ. ಸಾಮಾನ್ಯವಾದ ಡಿಸ್ಕಿನಲ್ಲಿ, ಅಂದರೆ ‘ಬೇಸಿಕ್’ ಎಂಬ ಬಗೆಯದರಲ್ಲಿ, ಪಾಲು ತನ್ನ ಬಲಕ್ಕೆ ತಾಗಿರುವ ಬಿಡುವಿಗೆ ಮಾತ್ರ ಬೆಳೆಯಬಲ್ಲುದು. ಹೀಗಿರಲು ‘ಡಿ’ಯನ್ನು ಹಿಗ್ಗಿಸಹೊರಟರೆ, ಡಿಸ್ಕು ‘ಡೈನಾಮಿಕ್’ ಆಗಿ ಮಾರ್ಪಡುವುದೆಂದು ಯಂತ್ರವು ಎಚ್ಚರಿಸಿ ಅನುಮತಿಯನ್ನು ಕೇಳುತ್ತದೆ. ಅವಸರದವರು ಅದನ್ನು ಓದದೆಯೇ ಒಪ್ಪಿಬಿಡುತ್ತಾರೆ.

2000ನೆಯ ಇಸವಿಯಲ್ಲಿ ವಿಂಡೋಸ್ 2000ದೊಡನೆ ಬಂದ ಈ ಡೈನಾಮಿಕ್ ಪದ್ಧತಿಯಲ್ಲಿ ದೂರದ ಬಿಡುವನ್ನೂ, ಇನ್ನೊಂದು ಡಿಸ್ಕಿನ ಬಿಡುವನ್ನೂ ಒಂದೇ ಪಾಲಿಗೆ ಸೇರಿಸಬಹುದು. ಅನುಕೂಲವೇನೋ ನಿಜ. ಆದರೆ ಇದು ಅಭಿಮನ್ಯುವು ಹೊಕ್ಕ ಚಕ್ರವ್ಯೂಹದಂತೆ: ಒಳಹೊಗುವುದು ಸುಲಭ, ಹೊರಬರುವುದು ಕಷ್ಟ. ವಿಂಡೋಸಿನ ಸಾಧನದಿಂದ ಮರಳಿ ಬೇಸಿಕ್ ಮಾಡಬೇಕಾದರೆ ಆ ಡಿಸ್ಕಿನ ಎಲ್ಲ ಪಾಲುಗಳನ್ನೂ ಅಳಿಸಬೇಕಾಗುತ್ತದೆ. ಪಾಲು ಎರಡು ಡಿಸ್ಕುಗಳಿಗೆ ಹರಡಿದ್ದರೆ, ಒಂದು ಡಿಸ್ಕು ಕೆಟ್ಟರೂ ಇಡಿಯ ಪಾಲೇ ಹೋದಂತೆ. ವಿಂಡೋಸ್ ನೆಲಸಿರುವ ‘ಸಿ’ಗಾದರೋ ತನಗೆ ತಾಗಿದ ಬಿಡುವಲ್ಲದೆ ಬೇರೆಯದು ಸಲ್ಲದು. ಮೈಕ್ರೋಸಾಫ್ಟ್ ಸಂಸ್ಥೆಯೇ ಈಗ ಈ ಪದ್ಧತಿಯನ್ನು ಹಳತೆಂದು ಬದಿಗಿರಿಸುತ್ತಿದೆ.

ಆದಕಾರಣ ಕ್ರಮವು ಹೀಗಿರಲಿ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಡಿಸ್ಕಿನ ಹೆಸರಿನ ಕೆಳಗೆ ಅದರ ಬಗೆಯನ್ನು ಬರೆದಿರುತ್ತದೆ. ಮೊದಲು ಅದನ್ನು ನೋಡಿರಿ. ಅನಂತರ ಎಲ್ಲವನ್ನೂ ಹೊರಗಿನ ಬೇರೊಂದು ಡಿಸ್ಕಿಗೆ ಪ್ರತಿಮಾಡಿ, ಆ ಪ್ರತಿಯನ್ನು ತೆರೆದು ಪರೀಕ್ಷಿಸಿರಿ. ಬಗೆಯು ಬೇಸಿಕ್ ಆಗಿದ್ದರೆ ‘ಇ’ಯನ್ನು ಅಳಿಸಿ, ಪಕ್ಕದ ‘ಡಿ’ಯನ್ನು ಬೇಕಾದಷ್ಟು ಹಿಗ್ಗಿಸಿ, ಉಳಿದುದರಲ್ಲಿ ‘ಇ’ಯನ್ನು ಹೊಸದಾಗಿ ಮಾಡಿಕೊಂಡು, ಪ್ರತಿಯಲ್ಲಿರುವುದನ್ನು ಅದಕ್ಕೆ ತುಂಬಿರಿ. ಈಗಾಗಲೇ ಡೈನಾಮಿಕ್ ಆಗಿದ್ದರೆ ಅದೇ ಡಿಸ್ಕಿನೊಳಗೆ ಹಿಗ್ಗಿಸಿರಿ; ಎರಡನೆಯ ಡಿಸ್ಕಿಗೆ ಚಾಚಬೇಡಿರಿ.

ಇದಕ್ಕೆ ಒಂದು ಮಧ್ಯಾಹ್ನ ಹಿಡಿಯಬಹುದು. ಹಿಡಿಯಲಿ. ಸ್ಥಳ ಸಾಲದಿದ್ದರೆ ಹೊಸ ಡಿಸ್ಕನ್ನು ಕೊಳ್ಳಬಹುದು. ಗತಿಸಿದ ಹಿರಿಯರ ಛಾಯಾಚಿತ್ರವು ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ.