ಯುರೇನಸ್ ಉಂಗುರಕ್ಕೆ ಐವತ್ತು: ನಮ್ಮ ಪಾಲು ಎಷ್ಟು?

2027ರ ಮಾರ್ಚ್ 10ಕ್ಕೆ ಯುರೇನಸ್ ಗ್ರಹಕ್ಕೆ ಉಂಗುರಗಳಿವೆಯೆಂದು ಗೊತ್ತಾಗಿ ಐವತ್ತು ವರ್ಷ ತುಂಬುತ್ತದೆ. ಸೂರ್ಯನಿಂದ ಸುಮಾರು 287 ಕೋಟಿ ಕಿಲೋಮೀಟರ್ ದೂರದ ಆ ಗ್ರಹದ ಗುಟ್ಟು ಹೊರಬೀಳುವುದರಲ್ಲಿ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಕೈಯೂ ಇತ್ತು. ಈ ಅರ್ಧ ಶತಮಾನದಲ್ಲಿ ಜಗತ್ತು ಕಲಿತದ್ದೇನು, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಮಕ್ಕಳಿಗೆ ಅದರಲ್ಲಿ ದಕ್ಕಿದ್ದೆಷ್ಟು ಎಂದು ಲೆಕ್ಕ ನೋಡಲು ಇದು ತಕ್ಕ ಹೊತ್ತು.

1977ರ ಆ ರಾತ್ರಿ ಯುರೇನಸ್ ಒಂದು ಮಸುಕು ನಕ್ಷತ್ರಕ್ಕೆ ಅಡ್ಡ ಬರುವುದಿತ್ತು. ಹಾಗೆ ಮರೆಯಾಗುವಾಗ ನಕ್ಷತ್ರದ ಬೆಳಕು ಕುಗ್ಗುವ ಬಗೆಯಿಂದ ಗ್ರಹದ ಗಾತ್ರ, ವಾತಾವರಣ ತಿಳಿಯುತ್ತದೆ. ತಮಿಳುನಾಡಿನ ಜವ್ವಾದಿ ಬೆಟ್ಟಸಾಲಿನ ಕಾವಲೂರಿನಲ್ಲಿ ಸಂಸ್ಥೆಯ 102 ಸೆಂಟಿಮೀಟರ್ ದೂರದರ್ಶಕದೊಂದಿಗೆ ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಕಾದಿದ್ದರು. ಎಣಿಸದ ಹೊತ್ತಿನಲ್ಲಿ ನಕ್ಷತ್ರ ಕೆಲವು ಸೆಕೆಂಡು ಮಂಕಾಯಿತು. ಹೊಸ ಉಪಗ್ರಹ ಅಡ್ಡ ಬಂದಿರಬೇಕೆಂದು ಅವರು ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಅದೇ ರಾತ್ರಿ ಹಿಂದೂ ಮಹಾಸಾಗರದ ಮೇಲೆ ಹಾರುತ್ತಿದ್ದ ಅಮೆರಿಕದ ಕೈಪರ್ ವಿಮಾನ ವೀಕ್ಷಣಾಲಯದಲ್ಲಿ ಜೇಮ್ಸ್ ಎಲಿಯಟ್ ತಂಡಕ್ಕೆ ಗ್ರಹದ ಒಂದು ಬದಿಯಲ್ಲಿ ಐದು ಸಲ, ಮತ್ತೊಂದು ಬದಿಯಲ್ಲೂ ಐದು ಸಲ ಬೆಳಕು ಕುಗ್ಗಿದ್ದು ಕಂಡಿತು. ಉಪಗ್ರಹ ಒಂದು ಬದಿಯಲ್ಲಷ್ಟೇ ಇರಬಲ್ಲದು. ಎರಡೂ ಬದಿಯಲ್ಲಿ ಹೊಂದಿಕೆಯಾಗಿ ಇರುವುದು ಉಂಗುರವೇ. ಸಂಸ್ಥೆಯ ಅಂದಿನ ನಿರ್ದೇಶಕ ವೈನು ಬಾಪು ಅವರೊಡನೆ ಭಟ್ಟಾಚಾರ್ಯರು ಅದೇ ವರ್ಷ ಉಂಗುರಗಳ ಬಗ್ಗೆಯೇ ಮತ್ತೊಂದು ಲೇಖನ ಬರೆದರು.

ಅಲ್ಲಿಂದ ಮುಂದೆ ಹೊರ ಸೌರವ್ಯೂಹದ ಚಿತ್ರವೇ ಬದಲಾಯಿತು. ವಾಯೇಜರ್ 2 ನೌಕೆ 1986ರ ಜನವರಿಯಲ್ಲಿ ಯುರೇನಸ್, 1989ರ ಆಗಸ್ಟ್‌ನಲ್ಲಿ ನೆಪ್ಚೂನ್ ಹಾದುಹೋಯಿತು. ಆ ಎರಡನ್ನೂ ಹತ್ತಿರದಿಂದ ಕಂಡ ನೌಕೆ ಇಂದಿಗೂ ಅದೊಂದೇ. 1992ರಲ್ಲಿ ಡೇವಿಡ್ ಜ್ಯುವಿಟ್ ಮತ್ತು ಜೇನ್ ಲೂ ನೆಪ್ಚೂನ್‌ನ ಆಚೆ ಹೊಸ ಕಾಯವೊಂದನ್ನು ಹುಡುಕಿದ ಮೇಲೆ ಅಂಥವು ಸಾಲುಸಾಲಾಗಿ ಸಿಕ್ಕವು. ಅವುಗಳ ನಡುವೆ ಪ್ಲೂಟೊ 2006ರಲ್ಲಿ ಕುಬ್ಜಗ್ರಹವಾಯಿತು. 2015ರಲ್ಲಿ ನ್ಯೂ ಹೊರೈಜನ್ಸ್ ನೌಕೆ ಅದರ ಹಿಮದ ಬೆಟ್ಟಗಳನ್ನು ತೋರಿಸಿತು. ಜೇಮ್ಸ್ ವೆಬ್ ದೂರದರ್ಶಕ 2025ರಲ್ಲಿ ಯುರೇನಸ್ಸಿನ ಇನ್ನೊಂದು ಪುಟ್ಟ ಚಂದ್ರನನ್ನು ಹಿಡಿದು, ಲೆಕ್ಕವನ್ನು 29ಕ್ಕೆ ಏರಿಸಿತು.

ಇಷ್ಟೆಲ್ಲ ದೊಡ್ಡ ಯಂತ್ರಗಳು ಬಂದರೂ ಕಾವಲೂರಿನ ಆ ಹಳೆಯ ವಿಧಾನ ಮೂಲೆ ಸೇರಲಿಲ್ಲ. ಚಾರಿಕ್ಲೊ ಎಂಬ ಪುಟ್ಟ ಕಾಯದ ಉಂಗುರ 2013ರಲ್ಲಿ ಸಿಕ್ಕಿದ್ದು ನಕ್ಷತ್ರ ಮರೆಯಾದಾಗಲೇ. 2023ರಲ್ಲಿ ಪ್ರಕಟವಾದ ಕ್ವಾವಾರ್ ಎಂಬ ಇನ್ನೊಂದು ಪುಟ್ಟ ಕಾಯದ ಉಂಗುರದ ಶೋಧದಲ್ಲಿ ಹವ್ಯಾಸಿಗಳ ಸಣ್ಣ ದೂರದರ್ಶಕಗಳೂ ದುಡಿದಿವೆ. ನಿಖರ ಗಡಿಯಾರ, ಕತ್ತಲ ಆಕಾಶ, ಕಾಯುವ ತಾಳ್ಮೆ ಇದ್ದರೆ ತಾಲ್ಲೂಕಿನ ಪ್ರೌಢಶಾಲೆಯೂ ಈ ಕೆಲಸಕ್ಕೆ ಕೈಹಾಕಬಹುದು.

ಇದು ತಲೆಮಾರುಗಳು ದಾಟಿಸಬೇಕಾದ ಕೆಲಸ. ವಿಲಿಯಂ ಹರ್ಷೆಲ್ ಯುರೇನಸ್ಸನ್ನು ಕಂಡುಹಿಡಿದ 1781ರಲ್ಲಿ ಶ್ರೀರಂಗಪಟ್ಟಣದಿಂದ ಹೈದರಾಲಿ ಆಳುತ್ತಿದ್ದ. 84 ವರ್ಷಕ್ಕೊಂದು ಸುತ್ತು ಹಾಕುವ ಗ್ರಹ ಅಂದಿನಿಂದ ಮೂರನೇ ಸುತ್ತನ್ನು ಇನ್ನೂ ಮುಗಿಸಿಲ್ಲ. 248 ವರ್ಷಕ್ಕೊಂದು ಸುತ್ತಿನ ಪ್ಲೂಟೊ ಈಗಿರುವ ಜಾಗದಲ್ಲಿ ಕಳೆದ ಸಲ ಇದ್ದಾಗಲೂ ಹೈದರನದೇ ಕಾಲ.

ನಮ್ಮ ಲೆಕ್ಕದಲ್ಲಿ ಜಮೆಯೂ ಇದೆ, ಬಾಕಿಯೂ ಇದೆ. ಆರ್.ಎಲ್. ನರಸಿಂಹಯ್ಯನವರಂಥವರು ಖಗೋಳವನ್ನು ಕನ್ನಡದಲ್ಲೇ ತಿಳಿಹೇಳಿದರು. ‘ಬಾಲ ವಿಜ್ಞಾನ’ ಮಾಸಪತ್ರಿಕೆ ಹಳ್ಳಿ ಶಾಲೆಗಳನ್ನು ಮುಟ್ಟಿತು. ಆದರೆ ರೋಹಿಣಿ ಮಳೆ, ಮೃಗಶಿರಾ ಮಳೆ ಎಂದು ನಕ್ಷತ್ರದ ಹೆಸರಿನಲ್ಲೇ ಬಿತ್ತನೆಯ ಹದ ಹೇಳುವ ರೈತರ ಮನೆಯಲ್ಲಿ ಇಂದು ರೋಹಿಣಿಯನ್ನು ಆಕಾಶದಲ್ಲಿ ಬೆರಳಿಟ್ಟು ತೋರಿಸುವ ಮಕ್ಕಳು ಕಡಿಮೆ. ಯುರೇನಸ್ ಅವರಿಗೆ ಪರೀಕ್ಷೆಯ ಒಂದು ಅಂಕದ ಉತ್ತರ. ಹೆದ್ದಾರಿಯ, ಪೇಟೆಯ ದೀಪಗಳ ಪ್ರಭೆ ವರ್ಷವರ್ಷವೂ ಹಳ್ಳಿಗಳತ್ತ ಚಾಚುತ್ತಿದೆ. ಮೇಲುಕೋಟೆಯ ಬೆಟ್ಟ, ಕೆ.ಆರ್. ಪೇಟೆ ಮತ್ತು ನಾಗಮಂಗಲದ ಒಳಹಳ್ಳಿಗಳಲ್ಲಿ ಉಳಿದಿರುವ ಕತ್ತಲನ್ನು ಕೆರೆಯಷ್ಟೇ ಜೋಪಾನವಾಗಿ ಕಾಯಬೇಕು.

ನಾವು ಕೇಳುವುದು ದೊಡ್ಡದೇನಲ್ಲ. ನಾಲ್ಕೂ ತಾಲ್ಲೂಕಿನಲ್ಲಿ ಒಂದೊಂದು ಸರ್ಕಾರಿ ಪ್ರೌಢಶಾಲೆಗೆ ಒಳ್ಳೆಯ ದೂರದರ್ಶಕ, ಅದನ್ನು ಬಳಸಲು ಇಬ್ಬರು ಶಿಕ್ಷಕರಿಗೆ ತರಬೇತಿ, ಬೀದಿದೀಪಗಳ ಬೆಳಕು ಮೇಲಕ್ಕೆ ಚೆಲ್ಲದಂತೆ ಪಂಚಾಯಿತಿಗಳಿಂದ ಮುಚ್ಚಳ. ಆರಂಭಕ್ಕೆ ದಿನವೂ ಗೊತ್ತಾಗಿದೆ. 2027ರ ಮಾರ್ಚ್ 10 ಅಮಾವಾಸ್ಯೆ ಕಳೆದ ಹೊಸತು. ಎಳೆ ಚಂದ್ರ ಬೇಗ ಮುಳುಗುತ್ತಾನೆ. ಅಂದು ಸಂಜೆ ಯುರೇನಸ್ ಪಶ್ಚಿಮದಲ್ಲಿ, ಕೃತ್ತಿಕೆ ಮತ್ತು ರೋಹಿಣಿಯ ನಡುವೆ, ಕೃತ್ತಿಕೆಗೆ ಹತ್ತಿರವಾಗಿ ಇರುತ್ತದೆ, ಬೈನಾಕ್ಯುಲರ್ ಸಾಕು. ಶಾಲೆಗಳು ಈಗಿನಿಂದಲೇ ಸಿದ್ಧತೆಗೆ ತೊಡಗಲಿ.