ಭಾರವಾದ ನಾದಕ್ಕೆ ಎಷ್ಟು ರೂಪಾಯಿ?

ಗಿಟಾರಿನ ಬಗ್ಗೆ ಬರೀತೇನೆ ಅಂದಾಗ ನಮ್ಮ ಸಂಪಾದಕ ಮಿತ್ರರ ಮುಖ ಸಣ್ಣಗಾಯಿತು. "ಕವಿತೆ ಇದ್ರೆ ಕೊಡು ಮಾರಾಯಾ" ಅಂದರು. ಕವಿತೆ ನನಗೆ ಬರುವುದಿಲ್ಲ. ಬರುವುದು ಜಮಾಖರ್ಚು, ಮತ್ತು ಅಷ್ಟಿಷ್ಟು ಗಿಟಾರು. ಈ ಲೇಖನದಲ್ಲಿ ಎರಡೂ ಇವೆ.

ಡೂಮ್ ಮೆಟಲ್ ಎಂಬ ಒಂದು ಬಗೆಯ ಸಂಗೀತ ಉಂಟು. ಬಹಳ ನಿಧಾನ, ಬಹಳ ತಗ್ಗು ಶ್ರುತಿ. ಒಂದು ಸ್ವರ ಬಾರಿಸಿದರೆ ಅದು ಹೆಣ ಹೊತ್ತವರ ನಡಿಗೆಯ ಹಾಗೆ ಸಾಗಬೇಕು. ಆ ಭಾರದ ದನಿ ಬೇಕಾದರೆ ಇಂಥ ಆಂಪು, ಇಂಥ ಪೆಡಲು ಇರಲೇಬೇಕು, ಇಲ್ಲದಿದ್ದರೆ ಸುಮ್ಮನೆ ಮನೆಯಲ್ಲಿರು ಅಂತ ನಮ್ಮ ಕಾಲೇಜಿನ ಗಿಟಾರು ಮಂಡಳಿಯ ನಂಬಿಕೆ. ಅದು ಸುಳ್ಳು ಅಂತ ನನ್ನ ವಾದ. ಆ ಸುಳ್ಳಿಗೆ ನಾನು ಕೊಟ್ಟ ಬೆಲೆ 6,500 ರೂಪಾಯಿ. ಎರಡು ವರ್ಷ ಚಾಳಿನ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಕೂಡಿಸಿದ ದುಡ್ಡು ಅದು.

ಹತ್ತನೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದವನು ನಾನು. ಪೆಡಲು ಅಂದರೆ ಕಾಲಿನಿಂದ ಒತ್ತುವ ಪುಟ್ಟ ಪೆಟ್ಟಿಗೆ, ಗಿಟಾರಿಗೂ ಆಂಪಿಗೂ ನಡುವೆ ಕೂರುತ್ತದೆ ಅಂತ ತಿಳಿಯುವುದಕ್ಕೇ ನನಗೆ ತಿಂಗಳು ಹಿಡಿಯಿತು. ಅದರ ಮೇಲೆ 'ಗೇನ್' ಅಂತ ಬರೆದಿರುತ್ತದೆ. ಕಾಮರ್ಸ್ ಹುಡುಗನಿಗೆ ಗೇನ್ ಅಂದರೆ ಲಾಭ! ಲಾಭ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ಲವೇ? ಪೂರ್ತಿ ತಿರುಗಿಸಿದೆ. ಬಾಸ್ ಪೂರ್ತಿ, ಟ್ರೆಬಲ್ ಪೂರ್ತಿ, ನಡುವಿನ ಮಿಡ್ ಸೊನ್ನೆ. ಮನೆಯ 10 ವಾಟಿನ ಆಂಪಿನಲ್ಲಿ ಗೋಡೆ ಬೀಳುವ ಹಾಗೆ ಕೇಳಿಸಿತು. ಕಾಲೇಜು ಉತ್ಸವದಲ್ಲಿ ಡ್ರಮ್ಮು, ಬಾಸ್ ಗಿಟಾರು ಜೊತೆಗೆ ನಿಂತಾಗ ನನ್ನದು ಮಾಯ. ಹಿಂದಿನ ಸಾಲಿನಲ್ಲಿದ್ದ ಗೆಳೆಯ ಆಮೇಲೆ ಕೇಳಿದ: "ನೀನೂ ಬಾರಿಸ್ತಿದ್ಯೇನೋ? ಕೈ ಮಾತ್ರ ಆಡ್ತಿತ್ತು." ಒಂದು ಇಂಗ್ಲಿಷ್ ಮೀಡಿಯಂ ಗುಂಪು ನಕ್ಕದ್ದು ಇನ್ನೂ ಕಿವಿಯಲ್ಲಿದೆ. ನಕ್ಕವರಿಗೂ ಕಾರಣ ಗೊತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಅವರು ಹೇಳಿದ ಪರಿಹಾರ, ಇನ್ನೂ ದುಬಾರಿ ಪೆಡಲು ತಗೋ ಅಂತ.

ಕಾರಣ ಹುಡುಕುತ್ತಾ ಮೂಲಕ್ಕೇ ಹೋದೆ. ಈ ಸಂಗೀತದ ಮೂಲಪುರುಷ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಿನ ಟೋನಿ ಅಯೋಮಿ, ಬ್ಲ್ಯಾಕ್ ಸಬ್ಬತ್ ತಂಡದವನು. ತಗಡಿನ ಕಾರ್ಖಾನೆಯಲ್ಲಿ ಕೂಲಿ. 17ನೇ ವಯಸ್ಸಿನಲ್ಲಿ, ಕೆಲಸ ಬಿಡಬೇಕಾಗಿದ್ದ ಕಡೆಯ ದಿನವೇ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋಯಿತು. ಎಡಚನಾದ್ದರಿಂದ ತಂತಿ ಒತ್ತುವ ಕೈಯೇ ಅದು. ಆತ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ತೆಳ್ಳನೆಯ ತಂತಿ ಹಾಕಿದ. 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಹೊತ್ತಿಗೆ ಶ್ರುತಿಯನ್ನೇ ಮೂರು ಅರೆಸ್ವರ ಇಳಿಸಿ ತಂತಿ ಸಡಿಲ ಮಾಡಿಕೊಂಡ. ನಮ್ಮ ಸಂಘದಲ್ಲಿ ಕಾರ್ಮಿಕನ ಕೈಯ ಮೇಲೆ ವರ್ಷಕ್ಕೆ ಹತ್ತು ಪದ್ಯ ಬರುತ್ತವೆ. ಇದು ಕಾರ್ಮಿಕನ ಕತ್ತರಿಸಿದ ಕೈಯಿಂದಲೇ ಹುಟ್ಟಿದ ನಾದ. ಇದನ್ನು 'ಶ್ರೀಮಂತ ಹುಡುಗರ ಗದ್ದಲ' ಅಂತ ತಳ್ಳಿಹಾಕುವ ಹಿರಿಯರು ಸ್ವಲ್ಪ ಯೋಚಿಸಬೇಕು.

ಅಯೋಮಿ ತನ್ನ ಲೇನಿ ಆಂಪಿನ ಮುಂದೆ ಇಟ್ಟಿದ್ದು ಡಲ್ಲಾಸ್ ರೇಂಜ್‌ಮಾಸ್ಟರ್ ಎಂಬ ಪೆಟ್ಟಿಗೆ. ಒಳಗೆ ಒಂದೇ ಒಂದು ಜರ್ಮೇನಿಯಂ ಟ್ರಾನ್ಸಿಸ್ಟರು, ಒಂದು 9 ವೋಲ್ಟ್ ಬ್ಯಾಟರಿ. ಅದರ ಕೆಲಸ ಟ್ರೆಬಲ್ ಎತ್ತುವುದು! ಜಗತ್ತಿನ ಅತಿ ಭಾರದ ದನಿಗೆ ಬೇಕಾದದ್ದು ತೆಳು ದನಿಯನ್ನು ಎತ್ತುವ ಡಬ್ಬಿ. ಓದಿದಾಗ ಅಚ್ಚಿನ ತಪ್ಪು ಅಂದುಕೊಂಡೆ.

ತಪ್ಪಲ್ಲ. ಮಂದ್ರವನ್ನೆಲ್ಲ ಹಾಗೇ ಆಂಪಿಗೆ ತುರುಕಿದರೆ ಆಂಪು ಉಸಿರುಗಟ್ಟಿ ಕೆಸರಾಗುತ್ತದೆ. ಮೊದಲೇ ಮಂದ್ರವನ್ನು ಸ್ವಲ್ಪ ಸೋಸಿ, ಮೇಲಿನದನ್ನು ಜೋರಾಗಿ ನೂಕಿದರೆ ವಾಲ್ವು ಒಡೆದ ದನಿ ಕೊಡುತ್ತದೆ, ಆದರೆ ಸ್ವರ ಸ್ವರವಾಗಿಯೇ ಉಳಿಯುತ್ತದೆ. ತಳದ ಭಾರವನ್ನು ದೊಡ್ಡ ಸ್ಪೀಕರು ಮತ್ತು ಬಾಸ್ ಗಿಟಾರು ಹೊರುತ್ತವೆ. ನಮ್ಮವರಿಗೆ ಇದು ಹೊಸದೇ? ಮುಂಬಯಿಯ ಸಭಾಗೃಹಗಳಲ್ಲಿ ಯಕ್ಷಗಾನ ನೋಡಿದವರೆಲ್ಲ ಬಲ್ಲರು, ಮದ್ದಳೆ ನೆಲ ಹಿಡಿಯುತ್ತದೆ, ಚಂಡೆ ಗಾಳಿ ಸೀಳುತ್ತದೆ. ಚಂಡೆ ತೆಗೆದುಬಿಟ್ಟರೆ ರಾಕ್ಷಸನ ಪ್ರವೇಶಕ್ಕೆ ಎಲ್ಲಿಯ ಭಯ? ನಾನು ಮಿಡ್ ಸೊನ್ನೆ ಮಾಡಿ ನನ್ನ ಚಂಡೆಯನ್ನೇ ಚೌಕಿಯಲ್ಲಿ ಬಿಟ್ಟು ಬಂದಿದ್ದೆ.

ನಮ್ಮ ಚಾಳಿನ ಕೆಳಗೆ ರೇಡಿಯೊ ರಿಪೇರಿ ಮಾಡುತ್ತಿದ್ದ ಒಬ್ಬ ಕಾಕಾ ಇದ್ದಾರೆ. ವಯಸ್ಸಾಗಿದೆ, ಅಂಗಡಿ ಮುಚ್ಚಿದ್ದಾರೆ, ಡ್ರಾವರು ಮಾತ್ರ ಮುಚ್ಚಿಲ್ಲ. ರೇಂಜ್‌ಮಾಸ್ಟರಿನ ಓಸಿ 44 ಇದೆಯೇ ಅಂತ ಕೇಳಿದೆ. ಇರಲಿಲ್ಲ. ಎಸಿ 128 ಇತ್ತು. ಇದೇ ಎಸಿ 128 ಹಾಕಿ ಹೊರದೇಶದಲ್ಲಿ ಫಜ್ ಪೆಡಲು ಮಾಡಿ ಮಾರುತ್ತಾರೆ. ಕಾಕಾ ಅದರ ಮೈಮೇಲಿನ ಅಕ್ಷರ ತೋರಿಸಿ "ಹಾ ತುಮಚ್ಯಾ ಬೆಂಗ್ಳೂರ್ಚಾ" ಅಂದರು. ನೋಡಿದರೆ ಬಿಇಎಲ್! ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್. 1961ರಲ್ಲಿ ರೇಡಿಯೊ ವಾಲ್ವು, 1962ರಲ್ಲಿ ಜರ್ಮೇನಿಯಂ ಬಿಡಿಭಾಗ, ಎರಡನ್ನೂ ಹಾಲೆಂಡಿನ ಫಿಲಿಪ್ಸ್ ನೆರವಿನಿಂದ ಮಾಡತೊಡಗಿದ ಕಾರ್ಖಾನೆ. ಅಪ್ಪನ ಕಾಲದ ಆಕಾಶವಾಣಿ ಕೇಳಿಸಿದ ಚೂರು ನನ್ನ ಡೂಮ್‌ಗೂ ಆಗುತ್ತದೆ ಅಂತ ಯಾರು ಎಣಿಸಿದ್ದರು?

ಮಿಕ್ಕ ಸಾಮಾನು ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಕ್ಕಿತು. ಗ್ರಾಂಟ್ ರೋಡಿನಲ್ಲಿ ಇಳಿದರೆ ನಡೆದೇ ಹೋಗಬಹುದು. ರೆಸಿಸ್ಟರು, ಕೆಪಾಸಿಟರು, ಜಾಕು, ಕಾಲಿನ ಸ್ವಿಚ್ಚು ಎಲ್ಲ ಸೇರಿ 430 ರೂ. ಪೆಟ್ಟಿಗೆಗೆ ಅಮ್ಮನ ಹಳೆ ಅಲ್ಯೂಮಿನಿಯಂ ಡಬ್ಬಿ. ಲೋಹದ್ದಾದ್ದರಿಂದ ಗುಂಯ್ ಸದ್ದೂ ತಡೆಯುತ್ತದೆ. ಎಸಿ 128ಕ್ಕೆ ಬ್ಯಾಟರಿಯ ಪ್ಲಸ್ಸೇ ನೆಲದ ತಂತಿಗೆ ಹೋಗಬೇಕು. ನಾನು ಉಲ್ಟಾ ಕೊಟ್ಟು ಒಂದು ಸಂಜೆ ಪೂರ್ತಿ ತಲೆ ಕೆಡಿಸಿಕೊಂಡೆ. ಇನ್ನೊಂದು ಕಾಟ, ಜರ್ಮೇನಿಯಂಗೆ ಸೆಕೆ ಆಗುವುದಿಲ್ಲ. ಬಿಸಿಯಾದರೆ ಒಳಗೊಳಗೇ ಸೋರಿ ದನಿ ಬದಲಾಗುತ್ತದೆ. ಮೇ ತಿಂಗಳ ಮುಂಬಯಿಯಲ್ಲಿ ಅದೂ ನಮ್ಮ ಹಾಗೇ ಸುಸ್ತು.

ತಂತಿಯ ಲೆಕ್ಕಕ್ಕೆ ಇಂಗ್ಲಿಷೂ ಬೇಡ. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ 82 ಸಲ ಕಂಪಿಸುತ್ತದೆ. ಮೂರು ಅರೆಸ್ವರ ಇಳಿಸಿದರೆ 69. ಬಿಗಿತ ಕಂಪನದ ವರ್ಗಕ್ಕೆ ಅನುಪಾತ, ಆದ್ದರಿಂದ 100 ಇದ್ದ ಬಿಗಿತ ಸುಮಾರು 71ಕ್ಕೆ ಬರುತ್ತದೆ. ಅದೇ ಬಿಗಿತ ಬೇಕಾದರೆ 46ನೇ ನಂಬರಿನ ತಂತಿ ಬಿಟ್ಟು 55ರ ಹತ್ತಿರದ್ದು ಹಾಕಬೇಕು. ಅಯೋಮಿ ತೆಳ್ಳನೆಯದು ಹಾಕಿದ್ದು ಬೆರಳಿನ ನೋವಿಗೆ. ನನಗೆ ಬೆರಳು ಸರಿಯಿದೆ, ದಪ್ಪದ್ದೇ ಹಾಕುತ್ತೇನೆ. ಒಂದು ಸೆಟ್ ತಂತಿ ಮಾಡುವ ಬದಲಾವಣೆ ನನ್ನ 6,500ರ ಪೆಡಲು ಮಾಡಲಿಲ್ಲ.

100 ವಾಟಿನ ವಾಲ್ವ್ ಆಂಪು ಇಲ್ಲದೆ ಡೂಮ್ ಆಗುವುದಿಲ್ಲ ಅನ್ನುವವರಿಗೂ ಒಂದು ಲೆಕ್ಕ. ಕಿವಿಗೆ ಎರಡರಷ್ಟು ಜೋರು ಅನಿಸಬೇಕಾದರೆ ಶಕ್ತಿ ಹೆಚ್ಚುಕಡಿಮೆ ಹತ್ತರಷ್ಟು ಬೇಕು. 50ರ ಬದಲು 100 ವಾಟು ತಂದರೆ ಬಿಲ್ಲು ದೊಡ್ಡದು, ಫರಕು ಅತ್ಯಲ್ಪ. ಅಷ್ಟನ್ನು ಬಾರಿಸಲು ಜಾಗ ಎಲ್ಲಿ? 2000ದ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 45. ನಮ್ಮ ಚಾಳಿನಲ್ಲಿ ಪ್ರೆಶರ್ ಕುಕ್ಕರೇ ಅದನ್ನು ಮೀರುತ್ತದೆ. ಹೌದು, ಎದೆಗೆ ಗಾಳಿ ತಟ್ಟುವ ಭಾರ ಸಣ್ಣ ಆಂಪಿನಿಂದ ಬರುವುದಿಲ್ಲ, ಒಪ್ಪುತ್ತೇನೆ. ಅದಕ್ಕೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡುವ ತಾಲೀಮು ಕೋಣೆಗಳಿವೆ. ಅಲ್ಲಿ ದೊಡ್ಡ ಆಂಪು ಅವರದೇ ಇರುತ್ತದೆ, ಡಬ್ಬಿ ಮಾತ್ರ ನಾವು ಒಯ್ದರಾಯಿತು.

ಇದೆಲ್ಲ ನಮ್ಮದಲ್ಲ ಅನ್ನುವವರು ಬೆಂಗಳೂರಿನ ತಂಡವೊಂದರ ಹೆಸರು ಕೇಳಿ: ಬೇವರ್ ಸೀ. ಇಂಗ್ಲಿಷಿನಲ್ಲಿ ಯಾವುದೋ ಸಮುದ್ರ ಅನಿಸುತ್ತದೆ, ಗಟ್ಟಿಯಾಗಿ ಒಟ್ಟಿಗೆ ಓದಿದರೆ ನಮ್ಮ ಅಜ್ಜಿಯರ ಬೈಗುಳ. 2012ರಲ್ಲಿ ಒಂದು, 2015ರಲ್ಲಿ ಇನ್ನೊಂದು ಆಲ್ಬಂ ತಂದರು, ಡೂಮ್ ಜಾತಿಯದೇ. ಇಲ್ಲಿ ಮುಂಬಯಿಯಲ್ಲೂ ಡಾರ್ಮಂಟ್ ಇನ್ಫರ್ನೊ ಎಂಬ ಡೂಮ್ ತಂಡ ಹುಟ್ಟಿದೆ. ಹಾಡು ಇಂಗ್ಲಿಷಿನಲ್ಲಿ ಅನ್ನುವುದು ನನ್ನ ತಕರಾರು. ಇಷ್ಟು ನಿಧಾನದ ಸಂಗೀತದಲ್ಲಿ ನಮ್ಮ ದೀರ್ಘಾಕ್ಷರಗಳು ಎಷ್ಟು ಚೆನ್ನಾಗಿ ಕೂರುತ್ತವೆ ಅಂತ ಯಾರಾದರೂ ಹಾಡಿ ನೋಡಬೇಡವೇ? ಸಂಪಾದಕರ ಬಳಿ ಮಿಕ್ಕಿರುವ ಕವಿತೆಗಳು ಅದಕ್ಕಾದರೂ ಬರಬಹುದು.

ಆ ದುಬಾರಿ ಪೆಡಲು ಮಾರಾಟಕ್ಕಿದೆ. 3,000ಕ್ಕೆ ಯಾರಾದರೂ ಒಯ್ದರೆ ಆರೇಳು ಭಾನುವಾರದ ತಾಲೀಮು ಕೋಣೆಯ ಬಾಡಿಗೆ ಆಗುತ್ತದೆ. ಪಾಲಿಗೆ ಬರುವವರು ಸಂಘದ ಫಲಕದಲ್ಲಿ ಹೆಸರು ಬರೆಯಿರಿ. ಗಿಟಾರಿನವರು ಸಾಕಷ್ಟಿದ್ದೇವೆ, ಡ್ರಮ್ಮಿನವರು ಬೇಕು, ನಿಧಾನವಾಗಿ ಬಾರಿಸುವ ತಾಳ್ಮೆ ಇರುವವರು.